ಶೇಕಡಾ ಹತ್ತರ ಭಯವೂ ಕೋಷ್ಟಕದ ಕೊನೆಯ ಎರಡು ಸಾಲುಗಳೂ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸುಗ್ಗಿಯ ದಿನಗಳ ಒಂದು ಮುಂಜಾವಿನಲ್ಲಿ ಸುಮ್ಮನೆ ನಿಂತು ನೋಡಿದವರಿಗೆ, ಪರೀಕ್ಷೆಯೆಂಬ ಕಾರ್ಯವು ಎಷ್ಟು ಮುಖಗಳುಳ್ಳದ್ದೆಂಬುದು ಯಾವ ಶಾಸ್ತ್ರಗ್ರಂಥದ ನೆರವೂ ಇಲ್ಲದೆ ಮನದಟ್ಟಾಗುವುದು. ಖರೀದಿಗೆ ಬಂದ ವ್ಯಾಪಾರಿಯು ಚೀಲದ ಬಾಯಿಯಲ್ಲಿ ಕಾಣುವ ಕಾಯಿಯನ್ನು ನಂಬದೆ, ಮೊಳಕೈವರೆಗೆ ಕೈಯಿಳಿಸಿ ಒಳಗಿನಿಂದ ಒಂದು ಹಿಡಿ ತೆಗೆದು, ಬೆಳಕಿಗೆ ಹಿಡಿದು ಬಣ್ಣವನ್ನೂ, ಹಿಸುಕಿ ತೇವವನ್ನೂ, ಮುರಿದು ಬೀಜವನ್ನೂ, ಮೂಸಿ ಮುಗ್ಗಲನ್ನೂ ನೋಡುತ್ತಾನೆ. ಅದೇ ಕಾಯಿಯ ಒಂದು ಮುಷ್ಟಿ ಪ್ರಯೋಗಶಾಲೆಗೆ ಹೋದರೆ, ಅಲ್ಲಿಯ ಯಂತ್ರವು ಆಸ್ಟಾ ಎಂಬ ಮಾನದಲ್ಲಿ ಅದರ ಬಣ್ಣಕ್ಕೆ ಒಂದು ಅಂಕಿಯನ್ನು ಕೊಡುತ್ತದೆ. ಖಾರ ಕಡಿಮೆಯಾಗಿ ಕೆಂಪು ಹೆಚ್ಚಾಗಿರುವುದೇ ಹೆಗ್ಗಳಿಕೆಯಾದ, ಅದಕ್ಕಾಗಿಯೇ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ನಮ್ಮ ಕಾಯಿಗೆ ಆ ಅಂಕಿಯು ಬಹು ಮುಖ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದು ಬಣ್ಣದ ಮಾತನ್ನಷ್ಟೇ ಆಡುವುದಲ್ಲದೆ ಖಾರದ ಮಾತನ್ನು ಆಡದು, ಬೂಷ್ಟಿನ ಮಾತನ್ನಂತೂ ಸರ್ವಥಾ ಆಡದು. ಇದನ್ನು ಬಲ್ಲ ಕಾರಣದಿಂದಲೇ ಪೇಟೆಯ ವ್ಯಾಪಾರಿಯು ಯಂತ್ರ ಬಂದ ಮೇಲೂ ಮೂಸುವುದನ್ನು ಬಿಟ್ಟಿಲ್ಲ.

ಈ ಮಾತು ನೆನಪಿಗೆ ಬರಲು ಕಾರಣವುಂಟು. ಸಂಖ್ಯಾಶಾಸ್ತ್ರವನ್ನು ಕಲಿಸಿ ನಿವೃತ್ತನಾಗಿ ಕಾಗಿನೆಲೆಯಲ್ಲಿ ನೆಲೆಸಿರುವ ನನ್ನ ಪಡಸಾಲೆಗೆ, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ಮಹಾವಿದ್ಯಾಲಯದಿಂದಲೋ, ದೇವಿಹೊಸೂರಿನ ತೋಟಗಾರಿಕೆಯ ವಿದ್ಯಾಲಯದಿಂದಲೋ, ಹಾವೇರಿಯ ಸ್ನಾತಕೋತ್ತರ ವಿಭಾಗಗಳಿಂದಲೋ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಿಂದಲೋ ಎಳೆಯ ಸಂಶೋಧಕರು ತಮ್ಮ ಲೇಖನದ ಕರಡನ್ನು ಹಿಡಿದು ಬರುವುದುಂಟು. ಆದಿಕೇಶವನ ದರ್ಶನಕ್ಕೆಂದು ಬಂದವರು ಹಾಗೆಯೇ ಇತ್ತ ಹಾದುಹೋಗುವರೆಂದು ನಾನು ತಮಾಷೆ ಮಾಡುತ್ತೇನೆ. ಬಂದವರು ಕುಳಿತು ನೀರು ಕುಡಿಯುವ ಮೊದಲೇ ಕೇಳುವ ಪ್ರಶ್ನೆಯು ಮಾತ್ರ ವರ್ಷಾನುವರ್ಷ ಒಂದೇ: “ಸರ್, ಪರ್ಸೆಂಟೇಜ್ ಎಷ್ಟರೊಳಗ ಬರಬೇಕ್ರಿ?” ಪ್ರಯೋಗದ ಮಾತಿಲ್ಲ, ಕೋಷ್ಟಕದ ಮಾತಿಲ್ಲ, ತೀರ್ಮಾನವು ನಿಲ್ಲುವುದೇ ಎಂಬ ಮಾತಿಲ್ಲ. ಹಸ್ತಪ್ರತಿಯ ಗುಣವನ್ನು ಅಳೆಯುವ ಸ್ವಯಂಚಾಲಿತ ಸಾಧನಗಳು ಇಂದು ಹತ್ತಾರು ಬಗೆಯವು ದೊರೆಯುತ್ತಿರುವಾಗ, ನಮ್ಮವರ ಭಯಭಕ್ತಿಗಳೆಲ್ಲ ಒಂದೇ ಒಂದು ಸಾಧನದ, ಅಂದರೆ ಅನ್ಯರ ಬರಹದೊಡನೆ ಹೋಲಿಕೆಯನ್ನು ಅಳೆಯುವ ಯಂತ್ರದ, ಒಂದೇ ಒಂದು ಅಂಕಿಗೆ ಮೀಸಲಾಗಿರುವುದು ನನಗೆ ಶೋಚನೀಯವಾಗಿ ತೋರುವುದು. ಆದಕಾರಣ ಆ ಅಂಕಿಯ ವಿಚಾರವನ್ನು ಮೊದಲು ಮುಗಿಸಿ, ಅದಕ್ಕಿಂತ ಹೆಚ್ಚು ಉಪಯುಕ್ತವಾದ ಮತ್ತು ಬಹುತೇಕ ವೆಚ್ಚವಿಲ್ಲದ ಪರೀಕ್ಷೆಗಳ ಕಡೆಗೆ ವಾಚಕರನ್ನು ಕರೆದೊಯ್ಯುವುದು ಈ ಲೇಖನದ ಉದ್ದೇಶ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ, ಅನ್ಯರ ಬರಹದೊಡನೆ ಹೋಲಿಕೆಯು ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ವಿದ್ಯಾರ್ಥಿಯು ಆರು ತಿಂಗಳನ್ನು ಮೀರದ ಅವಧಿಯೊಳಗೆ ತಿದ್ದಿದ ಪ್ರಬಂಧವನ್ನು ಸಲ್ಲಿಸತಕ್ಕದ್ದು. 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಎಲ್ಲರ ನಾಲಗೆಯ ಮೇಲಿರುವುದು ಇಷ್ಟು ಮಾತ್ರ. ಅದೇ ನಿಯಮಾವಳಿಯಲ್ಲಿ, ಮೂಲವನ್ನು ಹೇಳಿ ಉದ್ಧರಿಸಿದ ಭಾಗ, ಆಧಾರಗ್ರಂಥಗಳ ಪಟ್ಟಿ, ವಿಷಯಸೂಚಿ, ಮುನ್ನುಡಿ, ಕೃತಜ್ಞತೆ, ಸರ್ವಸಮ್ಮತವಾದ ಸಮೀಕರಣ ಮತ್ತು ಸಂಕೇತಗಳು ಎಣಿಕೆಯಿಂದ ಹೊರಗೆಂದೂ, ಎಲ್ಲರಿಗೂ ತಿಳಿದ ಸಂಗತಿಯನ್ನು ಹೇಳುವ ಅಥವಾ ಕಾಕತಾಳೀಯವಾಗಿ ಒದಗಿಬಂದ ಪದಗಳು ಸತತವಾಗಿ 14ರವರೆಗೆ ಹೊಂದಿಕೊಂಡರೆ ಅದನ್ನೂ ಬಿಡತಕ್ಕದ್ದೆಂದೂ ಹೇಳಿದೆ. ಇದನ್ನು ಓದಿದವರು ನನಗೆ ಸಿಕ್ಕಿದ್ದು ಬಲು ವಿರಳ. 2019ರಿಂದ ‘ಶೋಧಶುದ್ಧಿ’ ಎಂಬ ಯೋಜನೆಯ ಮೂಲಕ ಇನ್‌ಫ್ಲಿಬ್‌ನೆಟ್ ಕೇಂದ್ರವು ದೇಶದ ವಿಶ್ವವಿದ್ಯಾಲಯಗಳಿಗೆ ಈ ಹೋಲಿಕೆಯನ್ನು ಅಳೆಯುವ ತಂತ್ರಾಂಶವನ್ನು ಒದಗಿಸುತ್ತ ಬಂದಿದೆ. ಮೊದಲು ಉರ್ಕುಂಡ್ ಎಂಬ ವಿದೇಶೀ ತಂತ್ರಾಂಶವಿತ್ತು, ಆಮೇಲೆ ಬೆಂಗಳೂರಿನಲ್ಲಿಯೇ ಸಿದ್ಧವಾದ ಡ್ರಿಲ್‌ಬಿಟ್ ಬಂದಿತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿದರೆ ದೊರೆಯಬಹುದಾದ ಈ ಸೌಲಭ್ಯವನ್ನು ಬಿಟ್ಟು, ಅಂತರ್ಜಾಲದಲ್ಲಿ ಉಚಿತವೆಂದು ಕೂಗುವ ಅಪರಿಚಿತ ತಾಣಗಳಿಗೆ ಅಪ್ರಕಟಿತ ಬರಹವನ್ನು ಒಪ್ಪಿಸುವುದು, ಬಿತ್ತನೆಯ ಬೀಜವನ್ನು ದಾರಿಹೋಕನ ಜೋಳಿಗೆಗೆ ಸುರಿದು ಕಾಯಲು ಹೇಳಿದಂತೆ.

ಆ ಯಂತ್ರವು ಮಾಡುವ ಕೆಲಸವಾದರೂ ಏನು? ಬರಹವನ್ನು ಕೆಲವು ಪದಗಳ ತುಣುಕುಗಳಾಗಿ ಕೊಯ್ದು, ಆ ತುಣುಕುಗಳು ತನ್ನ ಉಗ್ರಾಣದಲ್ಲಿರುವ ಲಕ್ಷೋಪಲಕ್ಷ ಬರಹಗಳಲ್ಲಿ ಎಲ್ಲಿಯಾದರೂ ಇವೆಯೇ ಎಂದು ಹುಡುಕುವುದು, ಅಷ್ಟೇ. ಕದ್ದದ್ದು ಯಾವುದು, ಕಡ ತಂದದ್ದು ಯಾವುದು, ಎಲ್ಲರ ಮನೆಯಲ್ಲೂ ಇರುವ ಒನಕೆಯಂತಹುದು ಯಾವುದು ಎಂಬ ವಿವೇಕವು ಅದಕ್ಕಿಲ್ಲ. ಯಾದೃಚ್ಛಿಕ ಖಂಡವಿನ್ಯಾಸದಲ್ಲಿ ಮೂರು ಪುನರಾವೃತ್ತಿಗಳೊಡನೆ ಪ್ರಯೋಗವನ್ನು ನಡೆಸಲಾಯಿತೆಂಬ ವಾಕ್ಯವನ್ನು ಧಾರವಾಡದ ಹೊಲದಲ್ಲಾಗಲಿ ಲೂಧಿಯಾನದ ಹೊಲದಲ್ಲಾಗಲಿ ಬೇರೆಯಾಗಿ ಬರೆಯುವುದು ಹೇಗೆ? ಆದುದರಿಂದ ವರದಿ ಕೈಗೆ ಬಂದೊಡನೆ ಮೊದಲ ಪುಟದ ಶೇಕಡಾವನ್ನು ನೋಡದೆ, ಬಣ್ಣ ಬಳಿದ ಒಂದೊಂದು ಸಾಲಿಗೂ ಹೋಗಿ ನೋಡಬೇಕು. ವಿಧಾನವನ್ನು ಹೇಳುವ ಭಾಗದ ಹೋಲಿಕೆಯು ಸಾಮಾನ್ಯವಾಗಿ ನಿರುಪದ್ರವಿ. ಚರ್ಚೆಯ ಭಾಗದಲ್ಲಿ ಒಂದೇ ಮೂಲದಿಂದ ನಾಲ್ಕು ಸಾಲು ಬಂದಿದ್ದರೆ, ಒಟ್ಟು ಹೋಲಿಕೆಯು ಶೇಕಡಾ ಮೂರೇ ಆಗಿದ್ದರೂ, ಅದು ಕಳವೇ. ಅಲ್ಲದೆ, ಬರಹವನ್ನು ಯಂತ್ರದ ಉಗ್ರಾಣದಲ್ಲಿ ಉಳಿಸಬೇಕೇ ಬೇಡವೇ ಎಂದು ಕೆಲವು ತಂತ್ರಾಂಶಗಳು ಕೇಳುತ್ತವೆ. ಕರಡನ್ನು ಉಳಿಸಿಬಿಟ್ಟರೆ, ಮುಂದೆ ಅದೇ ಬರಹವನ್ನು ಪತ್ರಿಕೆಯವರು ಪರೀಕ್ಷಿಸುವಾಗ ತನ್ನದೇ ನೆರಳಿನೊಡನೆ ತಾನೇ ಹೋಲಿ ಪೂರ್ಣಾಂಕವು ಬರುವುದು.

ಶೇಕಡಾವನ್ನು ‘ಇಳಿಸಿಕೊಡುವ’ ಕಸುಬೊಂದು ಈಗ ತಲೆಯೆತ್ತಿದೆ. ಪದಗಳಿಗೆ ಪರ್ಯಾಯಪದಗಳನ್ನು ತುರುಕುವ ಯಂತ್ರಕ್ಕೆ ಲೇಖನವನ್ನು ಉಣಿಸಿದರೆ ಹೋಲಿಕೆಯು ಮಾಯವಾಗುವುದು, ಅದರೊಡನೆ ಅರ್ಥವೂ ಮಾಯವಾಗುವುದು. ಗಿಯೋಮ್ ಕಬನಾಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಗಜಿನೋವ್ ಎಂಬ ಮೂವರು ಸಂಶೋಧಕರು 2021ರಲ್ಲಿ ಇಂತಹ ವಿರೂಪಗೊಂಡ ನುಡಿಗಟ್ಟುಗಳನ್ನು ಪಟ್ಟಿಮಾಡಿ, ಅವನ್ನು ಪ್ರಕಟಿತ ಸಾಹಿತ್ಯದಲ್ಲಿ ಹುಡುಕುವ ಸಾಧನವನ್ನೇ ನಿರ್ಮಿಸಿದರು. ಇಂಗ್ಲಿಷಿನಲ್ಲಿ ಅವರು ಕಂಡ ವಿಕಾರಗಳನ್ನು ನಮ್ಮ ನುಡಿಗೆ ತಿರುಗಿಸಿದರೆ, ಕೃತಕ ಬುದ್ಧಿಮತ್ತೆಯು ‘ಖೋಟಾ ಪ್ರಜ್ಞೆ’ಯಾಗಿಯೂ, ಸ್ತನದ ಅರ್ಬುದರೋಗವು ‘ಎದೆಯ ಗಂಡಾಂತರ’ವಾಗಿಯೂ ಅಚ್ಚಾಗಿರುವುದನ್ನು ಊಹಿಸಬಹುದು. ಒಂದು ಯಂತ್ರದ ಕಣ್ಣು ತಪ್ಪಿಸಲು ಇನ್ನೊಂದು ಯಂತ್ರದ ಮೊರೆಹೊಕ್ಕವರನ್ನು ಮೂರನೆಯ ಯಂತ್ರವು ಹಿಡಿಯಿತು.

ಕನ್ನಡದಲ್ಲಿ ಪ್ರಬಂಧ ಬರೆಯುವವರ ಸಂಕಟವು ಬೇರೆಯದು. ಜಾನಪದ, ಸಾಹಿತ್ಯ, ಇತಿಹಾಸಗಳ ಎಷ್ಟೋ ಪ್ರಬಂಧಗಳು ಇಂದಿಗೂ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ, ಅಂದರೆ ಯುನಿಕೋಡಿಗೆ ಸೇರದ ಕ್ರಮದಲ್ಲಿ ಬೆರಳಚ್ಚಾಗುತ್ತವೆ. ನಮ್ಮ ಕಣ್ಣಿಗೆ ಅದು ಶುದ್ಧ ಕನ್ನಡವೇ. ಯಂತ್ರದ ಪಾಲಿಗೆ ಮಾತ್ರ ಅದು ಇಂಗ್ಲಿಷ್ ಲಿಪಿಯ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಅಂಬಲಿ. ಅಂತಹ ಬರಹವನ್ನು ಉಣಿಸಿದಾಗ ಹೋಲಿಕೆ ಸೊನ್ನೆಯೆಂದು ಬರುವುದು ಸ್ವಾಭಾವಿಕವೇ ಆಗಿದ್ದು, ಆ ಸೊನ್ನೆಯನ್ನು ಪ್ರಾಮಾಣಿಕತೆಯ ಮುದ್ರೆಯೆಂದು ಪ್ರಬಂಧದ ಹಿಂದೆ ಹೊಲಿಯುವುದನ್ನು ಕಂಡು ನಾನು ನಗಬೇಕೋ ಅಳಬೇಕೋ ತಿಳಿಯದೆ ಕುಳಿತದ್ದುಂಟು. ಪರೀಕ್ಷೆ ಸುಲಭ: ಬರಹದ ಒಂದು ಸಾಲನ್ನು ಎತ್ತಿ ಮೊಬೈಲಿನ ಸಾದಾ ಸಂದೇಶವೊಂದರಲ್ಲಿ ಅಂಟಿಸಿರಿ, ಕನ್ನಡವಾಗಿಯೇ ನಿಂತರೆ ಯುನಿಕೋಡ್, ಇಂಗ್ಲಿಷ್ ಅಕ್ಷರಗಳ ಕಿಚಡಿಯಾದರೆ ಹಳೆಯ ವಿನ್ಯಾಸ. ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಾರೆ ಓದತಕ್ಕದ್ದು. ಇಷ್ಟಾದರೂ ಕನ್ನಡದ ವಿಭಕ್ತಿಸಂಧಿಗಳು ಯಂತ್ರವನ್ನು ಕಾಡುತ್ತಲೇ ಇರುತ್ತವೆ. ಕಾಗಿನೆಲೆಯಲ್ಲಿ, ಕಾಗಿನೆಲೆಯಿಂದ, ಕಾಗಿನೆಲೆಗೆ ಎಂಬ ಮೂರು ರೂಪಗಳು ಒಂದೇ ಊರಿನವೆಂದು ಅಕ್ಷರಶಃ ಹೋಲಿಸುವ ಸಾಧನಕ್ಕೆ ತೋಚದು. ಕನ್ನಡ ಪ್ರಬಂಧದಲ್ಲಿ ಮಾರ್ಗದರ್ಶಕರ ಓದಿಗೆ ಪ್ರತಿನಿಧಿಯಿಲ್ಲ.

ಹಳೆಯ ಪುಟಗಳ ಬಿಂಬದಿಂದ ಅಕ್ಷರಗಳನ್ನು ಎತ್ತುವ ಯಂತ್ರದ ಅವಾಂತರವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೂಕ್ಷ್ಮಜೀವಿಶಾಸ್ತ್ರದ 1959ರ ಇಂಗ್ಲಿಷ್ ಲೇಖನವೊಂದರ ಪುಟದಲ್ಲಿ ಎಡದ ಅಂಕಣದಲ್ಲಿ ‘ವೆಜಿಟೇಟಿವ್’ ಎಂಬ ಪದವೂ, ಅದೇ ಮಟ್ಟದಲ್ಲಿ ಬಲದ ಅಂಕಣದಲ್ಲಿ ‘ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’ ಎಂಬ ಪದಗಳೂ ಇದ್ದವು. ಅಂಕಣಗಳ ನಡುವಣ ಗೆರೆಯನ್ನು ಯಂತ್ರವು ಅರಿಯದೆ ಎರಡನ್ನೂ ಕೂಡಿಸಿ ಓದಿತು. ಲೋಕದಲ್ಲಿ ಇಲ್ಲವೇ ಇಲ್ಲದ ‘ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ’ ಎಂಬ ಉಪಕರಣವಿಧಾನವು ಇತ್ತೀಚಿನ ವರ್ಷಗಳಲ್ಲಿ ಹಲವು ಲೇಖನಗಳಲ್ಲಿ ಕಾಣಿಸಿಕೊಂಡಿತು. ಓಲೆಗರಿಯ ಪ್ರತಿಕಾರರು ಸಾಲು ಹಾರಿಸಿದಾಗ ಹುಟ್ಟುವ ಪಾಠಭೇದಗಳನ್ನು ಹೇಗೆ ಗುರುತಿಸಬೇಕೆಂದು ಡಿ. ಎಲ್. ನರಸಿಂಹಾಚಾರ್ಯರು 1964ರ ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ವಿವರಿಸಿದ್ದರು, ಇಂದಿನ ಪ್ರತಿಕಾರನಿಗೆ ಕೈಯಿಲ್ಲ, ತಪ್ಪು ಮಾತ್ರ ಅದೇ ಕುಲದ್ದು.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕೃಷಿಸಂಶೋಧನೆಯ ಲೇಖನಗಳನ್ನು ನೋಡಿದವರಿಗೆಲ್ಲ, ಕೋಷ್ಟಕದ ತಳದಲ್ಲಿ ನಿಲ್ಲುವ ಎರಡು ಸಾಲುಗಳ ಪರಿಚಯವಿರುತ್ತದೆ: ಒಂದು ಎಸ್.ಇಎಂ., ಅಂದರೆ ಸರಾಸರಿಯ ಪ್ರಮಾಣದೋಷ, ಇನ್ನೊಂದು ಸಿ.ಡಿ., ಅಂದರೆ ಎರಡು ಉಪಚಾರಗಳ ನಡುವಣ ವ್ಯತ್ಯಾಸವು ಆಕಸ್ಮಿಕವಲ್ಲವೆನ್ನಲು ಮೀರಬೇಕಾದ ನಿರ್ಣಾಯಕ ಅಂತರ. ಲೇಖನದ ತೀರ್ಮಾನವೆಲ್ಲ ನಿಂತಿರುವುದು ಈ ಎರಡನೆಯ ಸಾಲಿನ ಮೇಲೆ; ಓದುಗರು ಎಂದೂ ಓದದೆ ಬಿಡುವುದೂ ಅದನ್ನೇ. ಪಾನ್ಸೆ ಮತ್ತು ಸುಖಾತ್ಮೆಯವರ 1954ರ ಗ್ರಂಥವನ್ನು ಉರುಹೊಡೆದ ನನ್ನ ಪೀಳಿಗೆಯವರಿಗೆ ತಿಳಿದಿರುವಂತೆ, ಮೊದಲನೆಯದನ್ನು ಎರಡರ ವರ್ಗಮೂಲದಿಂದಲೂ, ದೋಷದ ಸ್ವಾತಂತ್ರ್ಯಾಂಶಕ್ಕೆ ತಕ್ಕ ‘ಟಿ’ ಮೌಲ್ಯದಿಂದಲೂ ಗುಣಿಸಿದರೆ ಎರಡನೆಯದು ಬರುತ್ತದೆ. ಎಂಟು ಉಪಚಾರ, ಮೂರು ಪುನರಾವೃತ್ತಿಯ ಖಂಡವಿನ್ಯಾಸದಲ್ಲಿ ಸ್ವಾತಂತ್ರ್ಯಾಂಶ ಏಳರ ಎರಡರಷ್ಟು, ಅಂದರೆ 14. ಶೇಕಡಾ 5ರ ಮಟ್ಟದಲ್ಲಿ ಅದಕ್ಕೆ ತಕ್ಕ ‘ಟಿ’ 2.145. ಹಾಗಾದರೆ ಎಸ್.ಇಎಂ. 0.42 ಇದ್ದಲ್ಲಿ ಸಿ.ಡಿ.ಯು 1.27 ಆಗಲೇಬೇಕು; ಬೇರೆ ಏನು ಅಚ್ಚಾಗಿದ್ದರೂ ಎಲ್ಲಿಯೋ ತಪ್ಪಿದೆಯೆಂದೇ ಅರ್ಥ. ಸ್ವಾತಂತ್ರ್ಯಾಂಶವು ಎಷ್ಟೇ ದೊಡ್ಡದಾದರೂ ‘ಟಿ’ಯು 1.96ಕ್ಕಿಂತ ಕೆಳಗಿಳಿಯದು, ಆದುದರಿಂದ ಕೆಳಸಾಲನ್ನು ಮೇಲುಸಾಲಿನಿಂದ ಭಾಗಿಸಿದಾಗ ಬರುವ ಭಾಗಲಬ್ಧವು 2.77ಕ್ಕಿಂತ ಎಂದಿಗೂ ಕಡಿಮೆಯಾಗದು. ಮೇಲುಸಾಲಿನಲ್ಲಿ ಎಸ್.ಇಎಂ. ಬದಲಿಗೆ ವ್ಯತ್ಯಾಸದ ಪ್ರಮಾಣದೋಷವಾದ ಎಸ್.ಇ.ಡಿ.ಯನ್ನು ಕೊಟ್ಟಿದ್ದರೆ ಮಾತ್ರ ಆ ಕನಿಷ್ಠವು 1.96. ಸ್ಪ್ರೆಡ್‌ಶೀಟಿನ ಒಂದು ಕೋಣೆಯಲ್ಲಿ ಈ ಸೂತ್ರವನ್ನು ಒಮ್ಮೆ ಬರೆದಿಟ್ಟುಕೊಂಡರೆ, ಇಪ್ಪತ್ತು ಕೋಷ್ಟಕಗಳ ಪರೀಕ್ಷೆಯು ಕಾಫಿ ಆರುವುದರೊಳಗೆ ಮುಗಿಯುವುದು.

ಇದನ್ನು ಇಷ್ಟು ಒತ್ತಿ ಹೇಳುವ ಅಧಿಕಾರವು ನನಗೆ ಸ್ವಂತ ಅವಮಾನದಿಂದ ಬಂದದ್ದು. ಬಹಳ ವರ್ಷಗಳ ಹಿಂದೆ ನಾನೇ ಸಿದ್ಧಪಡಿಸಿ ಪತ್ರಿಕೆಯೊಂದರಲ್ಲಿ ಅಚ್ಚಾದ ಕೋಷ್ಟಕವೊಂದರಲ್ಲಿ ಎಸ್.ಇಎಂ. 0.61 ಎಂದೂ ಸಿ.ಡಿ. 1.31 ಎಂದೂ ಇತ್ತು. ಇಬ್ಬರು ಪರಾಮರ್ಶಕರು ನೋಡಿ ಒಪ್ಪಿದ್ದರು, ಸಂಪಾದಕರು ಒಪ್ಪಿದ್ದರು, ನಾನಂತೂ ಒಪ್ಪಿಯೇ ಇದ್ದೆ. ಎರಡು ವರ್ಷ ಕಳೆದ ಮೇಲೆ, ತರಗತಿಯಲ್ಲಿ ಲೆಕ್ಕ ಬಿಡಿಸುತ್ತಿದ್ದ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ಇದು 1.85 ಆಗಬೇಕಲ್ಲವೇ ಎಂದಳು. ಎರಡರ ವರ್ಗಮೂಲದಿಂದ ಗುಣಿಸುವುದನ್ನು ನಾನು ಮರೆತಿದ್ದೆ. ಹೆಕ್ಟೇರಿಗೆ ಒಂದೂವರೆ ಕ್ವಿಂಟಾಲಿನ ವ್ಯತ್ಯಾಸವನ್ನು ‘ಗಣನೀಯ’ವೆಂದು ಸಾರಿದ್ದ ನನ್ನ ತೀರ್ಮಾನವು ಅಲ್ಲಿಯೇ ನೆಲಕಚ್ಚಿತು. ಅಂದು ಹೋಲಿಕೆಯ ಯಂತ್ರವಿದ್ದು ಅದಕ್ಕೆ ಆ ಲೇಖನವನ್ನು ಉಣಿಸಿದ್ದರೆ, ಪ್ರಾಯಶಃ ಶೇಕಡಾ ಎರಡೆಂದು ಹೇಳಿ ನನ್ನ ಬೆನ್ನು ತಟ್ಟುತ್ತಿತ್ತು.

ಇದೇ ಜಾತಿಯ ಇನ್ನೊಂದು ಪರೀಕ್ಷೆಯನ್ನು ನಿಕ್ ಬ್ರೌನ್ ಮತ್ತು ಜೇಮ್ಸ್ ಹೆದರ್ಸ್ ಎಂಬುವರು 2016ರ ಸುಮಾರಿಗೆ ರೂಪಿಸಿ ‘ಗ್ರಿಮ್’ ಎಂದು ಹೆಸರಿಟ್ಟರು. ತತ್ತ್ವವು ಪ್ರಾಥಮಿಕ ಶಾಲೆಯ ಲೆಕ್ಕಕ್ಕಿಂತ ಹೆಚ್ಚಿನದಲ್ಲ: ಎಣಿಸಿ ಪಡೆದ ಪೂರ್ಣಾಂಕಗಳನ್ನು ಕೂಡಿಸಿ ಜನರ ಅಥವಾ ಗಿಡಗಳ ಸಂಖ್ಯೆಯಿಂದ ಭಾಗಿಸಿದರೆ, ಎಲ್ಲ ದಶಮಾಂಶಗಳೂ ಬರಲಾರವು, ಕೆಲವೇ ಬರಬಲ್ಲವು. ಮನಶ್ಶಾಸ್ತ್ರದ ಲೇಖನಗಳಲ್ಲಿ ಈ ಪರೀಕ್ಷೆಗೆ ಒಳಪಡಿಸಬಹುದಾಗಿದ್ದ 71ನ್ನು ಅವರು ನೋಡಿದಾಗ ಸುಮಾರು ಅರ್ಧದಷ್ಟರಲ್ಲಿ ಅಸಾಧ್ಯವಾದ ಸರಾಸರಿಯೊಂದಾದರೂ ಕಂಡುಬಂದಿತು. ಇದನ್ನು ನಾನು ಹೊರದೇಶದ ಕುತೂಹಲವೆಂದೇ ಬಗೆದಿದ್ದೆ. ಕಳೆದ ಹಂಗಾಮಿನಲ್ಲಿ ಮೆಣಸಿನಗಿಡದ ಮೇಲೆ ಕೆಲಸಮಾಡಿದ ಹುಡುಗನೊಬ್ಬನ ಕರಡಿನಲ್ಲಿ, 12 ಗಿಡಗಳಲ್ಲಿ ಗಿಡವೊಂದಕ್ಕೆ ಸರಾಸರಿ 47.36 ಕಾಯಿಗಳೆಂದು ಬರೆದಿದ್ದುದನ್ನು ಕಂಡು ಸುಮ್ಮನೆ ಭಾಗಿಸಿ ನೋಡಿದೆ. ಹನ್ನೆರಡು ಗಿಡಗಳಲ್ಲಿ ಒಟ್ಟು 568 ಕಾಯಿಯಿದ್ದರೆ 47.33, 569 ಇದ್ದರೆ 47.42; ನಡುವಣ 47.36 ಎಂಬುದಕ್ಕೆ ಯಾವ ಕಾಯಿಯೂ ಇಲ್ಲ. ಹುಡುಗನ ಮುಖ ಬಿಳುಪೇರಿತು. ಚೀಲದಿಂದ ಮಣ್ಣು ಮೆತ್ತಿದ ಹೊಲದ ವಹಿಯನ್ನು ತೆಗೆಸಿ ಇಬ್ಬರೂ ಪುಟ ತಿರುವಿದೆವು: ಏಳನೆಯ ಗಿಡದ ಎದುರಿಗೆ ಕಾಯಿಯ ಸಂಖ್ಯೆಯ ಬದಲು ‘ಸೊರಗು ರೋಗ, ಒಣಗಿದೆ’ ಎಂದು ಪೆನ್ಸಿಲಿನಲ್ಲಿತ್ತು. ಉಳಿದ 11 ಗಿಡಗಳ 521 ಕಾಯಿಗಳನ್ನು ಭಾಗಿಸಿದರೆ ಸರಿಯಾಗಿ 47.36. ಸರಾಸರಿಯು ಸತ್ಯವೇ ಆಗಿತ್ತು. ಸತ್ತ ಗಿಡವನ್ನು ಲೇಖನವು ಮರೆತಿತ್ತು. ಅಳತೆಯನ್ನು ಕಟ್ಟಿ ಬರೆದಿರುವನೆಂದು ಅವನ ಮೇಲೆ ಎರಗಿದ್ದರೆ ನಾನು ಪಾಪಿಯಾಗುತ್ತಿದ್ದೆ. ಇಂತಹ ಸಾಧನವು ಎತ್ತುವುದು ಪ್ರಶ್ನೆಯನ್ನು, ಉತ್ತರವಿರುವುದು ವಹಿಯಲ್ಲಿ. ಸಂಖ್ಯೆಯು ನೂರಕ್ಕಿಂತ ಹೆಚ್ಚಾದಲ್ಲಿ, ಎರಡು ದಶಮಾಂಶದ ಸರಾಸರಿಗೆ ಈ ಪರೀಕ್ಷೆಯು ಉಪಯೋಗಕ್ಕೆ ಬಾರದು. ಎತ್ತರ, ತೂಕಗಳಂತಹ ಅಖಂಡ ಅಳತೆಗಳಿಗೂ ಸಲ್ಲದು.

ಫಲಿತಾಂಶದ ಗಣನೀಯತೆಯನ್ನು ಸೂಚಿಸುವ ಪಿ ಮೌಲ್ಯಗಳನ್ನು ಮರುಲೆಕ್ಕ ಹಾಕುವ ‘ಸ್ಟ್ಯಾಟ್‌ಚೆಕ್’ ಎಂಬ ಉಚಿತ ತಂತ್ರಾಂಶವು ನೆದರ್‌ಲ್ಯಾಂಡ್ಸ್‌ನ ಮಿಶೆಲ್ ನೈಟೆನ್ ಮತ್ತು ಸಾಶಾ ಎಪ್ಸ್‌ಕಾಂಪ್ ಅವರದು. 1985ರಿಂದ 2013ರವರೆಗೆ ಮನಶ್ಶಾಸ್ತ್ರದ ಎಂಟು ಪತ್ರಿಕೆಗಳಲ್ಲಿ ಬಂದ ಎರಡೂವರೆ ಲಕ್ಷಕ್ಕೂ ಮೀರಿದ ಪಿ ಮೌಲ್ಯಗಳನ್ನು ಅದರಿಂದ ಶೋಧಿಸಿದಾಗ, ಅರ್ಧದಷ್ಟು ಲೇಖನಗಳಲ್ಲಿ ಒಂದಾದರೂ ಅಸಂಗತಿಯೂ, ಎಂಟರಲ್ಲೊಂದರಲ್ಲಿ ತೀರ್ಮಾನವನ್ನೇ ಬದಲಿಸಬಹುದಾದ ಅಸಂಗತಿಯೂ ಕಂಡುಬಂದಿತು. ಆದರೆ ಅದು ಮನಶ್ಶಾಸ್ತ್ರದವರ ನಿರ್ದಿಷ್ಟ ಶೈಲಿಯಲ್ಲಿ ವಾಕ್ಯದೊಳಗೆ ಬರೆದ ಫಲಿತಾಂಶಗಳನ್ನು ಮಾತ್ರ ಓದಬಲ್ಲುದಾಗಿ, ಕೋಷ್ಟಕಪ್ರಿಯರಾದ ನಮ್ಮ ಕೃಷಿಯವರಿಗೆ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಶಿಕ್ಷಣ, ಸಮಾಜವಿಜ್ಞಾನಗಳ ವಿದ್ಯಾರ್ಥಿಗಳು ಅವಶ್ಯವಾಗಿ ಉಪಯೋಗಿಸಲಿ.

ಸ್ಪ್ರೆಡ್‌ಶೀಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ವಂಶವಾಹಿಗಳ ಹೆಸರುಗಳನ್ನು ಎಕ್ಸೆಲ್ ತಂತ್ರಾಂಶವು ತಾರೀಖುಗಳೆಂದು ಭಾವಿಸಿ ‘ಮಾರ್ಚ್’, ‘ಸೆಪ್ಟೆಂಬರ್’ಗಳನ್ನಾಗಿ ತಿದ್ದಿಬಿಡುವ ಪ್ರಮಾದವು, ಅಂತಹ ಪಟ್ಟಿಯನ್ನು ಲಗತ್ತಿಸಿದ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇದೆಯೆಂದು 2016ರಲ್ಲಿ ಗೊತ್ತಾಯಿತು, ಕಡೆಗೆ 2020ರಲ್ಲಿ ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಗಿ ಬಂದಿತು. ಯಂತ್ರವನ್ನು ತಿದ್ದಲಾಗದೆ ನಿಸರ್ಗದ ನಾಮಕರಣವನ್ನು ತಿದ್ದಿಕೊಂಡ ಈ ಪ್ರಸಂಗವು ನಮಗೂ ದೂರದ್ದಲ್ಲ: ಮೂರನೆಯ ಪುನರಾವೃತ್ತಿಯ ಎರಡನೆಯ ತಾಕಿಗೆ 3-2 ಎಂದು ಗುರುತು ಹಾಕಿದರೆ ಅದು ಕಣ್ಣೆದುರಿಗೇ ತಾರೀಖಾಗುವುದು. ಅಂಕಿಗಳನ್ನು ತುಂಬುವ ಮೊದಲೇ ಆ ಅಂಕಣವನ್ನು ಅಕ್ಷರರೂಪದ್ದೆಂದು ನಮೂದಿಸತಕ್ಕದ್ದು.

ಚಿತ್ರಗಳ ಮಾತು. ಎಲಿಸಬೆತ್ ಬಿಕ್ ಎಂಬ ವಿಜ್ಞಾನಿಯು ಸಂಗಡಿಗರೊಡನೆ 20,621 ಜೀವವೈದ್ಯಕೀಯ ಲೇಖನಗಳ ಚಿತ್ರಗಳನ್ನು ಬರಿಯ ಕಣ್ಣಿನಿಂದಲೇ ನೋಡಿ, ಶೇಕಡಾ 3.8ರಲ್ಲಿ ಒಂದೇ ಚಿತ್ರವು ಅನುಚಿತವಾಗಿ ಮತ್ತೆ ಬಂದಿದೆಯೆಂದು 2016ರಲ್ಲಿ ತೋರಿಸಿದಳು. ಆಮೇಲೆ ಆ ಕೆಲಸಕ್ಕೆ ಇಮೇಜ್‌ಟ್ವಿನ್, ಪ್ರೂಫಿಗ್ ಎಂಬ ಯಂತ್ರಗಳು ಬಂದವು. ಅವು ದುಬಾರಿ. ನಮ್ಮ ಹುಡುಗರಿಗೆ ಇಷ್ಟು ಸಾಕು: ಪ್ರತಿಯೊಂದು ಚಿತ್ರವನ್ನೂ ತೆಗೆದ ದಿನಾಂಕ ಮತ್ತು ತಾಕಿನ ಸಂಖ್ಯೆಯೊಡನೆ ಮೂಲರೂಪದಲ್ಲಿ ಇಟ್ಟುಕೊಳ್ಳುವುದು.

ಆಧಾರಗ್ರಂಥಗಳ ಪಟ್ಟಿಯಂತೂ ಇತ್ತೀಚೆಗೆ ಅಪಾಯದ ಸ್ಥಳವಾಗಿದೆ. ಹರಟೆಯ ಯಂತ್ರಗಳನ್ನು ಕೇಳಿ ಪಡೆದ ಪಟ್ಟಿಯಲ್ಲಿ, ಲೇಖಕರ ಹೆಸರು ನಿಜ, ಪತ್ರಿಕೆಯ ಹೆಸರು ನಿಜ, ಲೇಖನ ಮಾತ್ರ ಎಂದೂ ಹುಟ್ಟದ್ದು, ಹೀಗಿರುವುದುಂಟು. ಪ್ರತಿಯೊಂದು ಉಲ್ಲೇಖದ ಡಿಒಐ ಸಂಖ್ಯೆಯನ್ನು ಒತ್ತಿ ಮೂಲವು ತೆರೆಯುವುದೇ ಎಂದು ನೋಡುವುದು ಮೊದಲ ಹೆಜ್ಜೆ. ಝೊಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ಪಟ್ಟಿಯನ್ನು ಇಟ್ಟುಕೊಳ್ಳುವುದು ಎರಡನೆಯದು. ಹಿಂತೆಗೆದುಕೊಂಡ ಲೇಖನಗಳ ಲೆಕ್ಕವನ್ನು 2010ರಿಂದ ಇಡುತ್ತ ಬಂದಿರುವ ರಿಟ್ರಾಕ್ಷನ್ ವಾಚ್‌ನವರ ದತ್ತಾಂಶವು 2019ರಿಂದ ಆ ತಂತ್ರಾಂಶದೊಡನೆ ಜೋಡಣೆಯಾಗಿರುವುದರಿಂದ, ನೀವು ಉಲ್ಲೇಖಿಸಿದ ಲೇಖನವು ರದ್ದಾಗಿದ್ದರೆ ಅದು ಕೆಂಪು ಗುರುತಿನಿಂದ ಎಚ್ಚರಿಸುವುದು. 2023ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಲೇಖನಗಳು ಹಿಂತೆಗೆಯಲ್ಪಟ್ಟವೆಂಬುದನ್ನು ನೆನೆದರೆ ಈ ಎಚ್ಚರಿಕೆಯು ಅತಿಯಾಗಿ ತೋರದು.

ಕೃತಕ ಬುದ್ಧಿಮತ್ತೆಯಿಂದ ಬರೆದುದನ್ನು ಪತ್ತೆಹಚ್ಚುತ್ತೇವೆಂಬ ಯಂತ್ರಗಳ ವಿಷಯದಲ್ಲಿ ನನ್ನದು ಕಠಿಣವಾದ ಅಭಿಪ್ರಾಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಂತಹ ಏಳು ಯಂತ್ರಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಪರೀಕ್ಷೆಗಾಗಿ ಸ್ವತಃ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿಯಾಗಿ ನೂರಕ್ಕೆ 61ನ್ನು ಯಂತ್ರದ ಬರಹವೆಂದು ಅವು ದೂಷಿಸಿದವು. ಮೋಟೆಬೆನ್ನೂರಿನಲ್ಲಿಯೋ ಹಿರೇಕೆರೂರಿನಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಓದಿ, ಕಲಿತಷ್ಟೇ ಇಂಗ್ಲಿಷ್ ಪದಗಳಲ್ಲಿ ಒಪ್ಪವಾಗಿ ಬರೆಯುವ ಹುಡುಗಿಯನ್ನು ಇಂತಹ ಸಾಕ್ಷ್ಯದ ಮೇಲೆ ಕಟಕಟೆಗೆ ನಿಲ್ಲಿಸುವುದು ಅನ್ಯಾಯ. ಅದೇ ಬುದ್ಧಿಯಂತ್ರವನ್ನು ಸ್ವಂತ ಕರಡಿನ ಪರಾಮರ್ಶಕನನ್ನಾಗಿ ಬಳಸುವುದು ಬೇರೆ ಮಾತು. ಲೇಖನ ಹೇಗಿದೆಯೆಂದು ಕೇಳಿದರೆ ಅದು ದಾಕ್ಷಿಣ್ಯದ ನೆಂಟನಂತೆ ಹೊಗಳುವುದು. ಸಾರಾಂಶದಲ್ಲಿರುವ ಒಂದೊಂದು ಅಂಕಿಯೂ ಯಾವ ಕೋಷ್ಟಕದ ಯಾವ ಸಾಲಿನದೆಂದು ಪಟ್ಟಿಮಾಡು, ಹೊಂದದಿರುವುದನ್ನು ತೋರಿಸು ಎಂದರೆ ನಿಜವಾದ ಉಪಕಾರ ಮಾಡುವುದು. ಅದು ತೋರಿಸಿದ್ದನ್ನು ನೀವೇ ಮತ್ತೆ ನೋಡತಕ್ಕದ್ದು, ಏಕೆಂದರೆ ಇಲ್ಲದ ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುವುದು. ಇತರರು ಪರಾಮರ್ಶೆಗೆಂದು ನಂಬಿ ಕಳುಹಿಸಿದ ಲೇಖನವನ್ನಂತೂ ಅದಕ್ಕೆ ಒಪ್ಪಿಸಲೇ ಬಾರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2023ರಲ್ಲಿಯೇ ತಮ್ಮ ಅನುದಾನದ ಪರಾಮರ್ಶಕರಿಗೆ ಇದನ್ನು ನಿಷೇಧಿಸಿದವು.

ನಮ್ಮ ಕಾಗಿನೆಲೆಯ ಹೆಸರನ್ನೇ ಅಂಕಿತದಲ್ಲಿ ಹೊತ್ತ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ, ಅಕ್ಕಿಯೂ ರಾಗಿಯೂ ತಾನು ಮೇಲು ತಾನು ಮೇಲೆಂದು ವಾದಕ್ಕೆ ನಿಂತಾಗ, ಶ್ರೀರಾಮನು ಮಾತಿನ ಚಮತ್ಕಾರವನ್ನು ಕೇಳಿ ತೀರ್ಪು ಕೊಡಲಿಲ್ಲ; ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಆಮೇಲೆ ಹೊರತರಿಸಿ, ಕಾಂತಿಗುಂದಿದ್ದು ಯಾವುದು, ಗಟ್ಟಿಯಾಗಿ ಉಳಿದದ್ದು ಯಾವುದೆಂದು ನೋಡಿದನು. ನಾನು ಮೇಲೆ ಹೇಳಿದ ಯಾವ ಸಾಧನವೂ ಈ ಬಗೆಯ ಪರೀಕ್ಷೆಯನ್ನು ಮಾಡಲಾರದು. ಒಂದೇ ಹಂಗಾಮಿನ, ಒಂದೇ ಹೊಲದ ಅಂಕಿಗಳಿಂದ ಇಡೀ ವಲಯದ ರೈತರಿಗೆ ಶಿಫಾರಸು ಹೊರಡಿಸುವ ಲೇಖನವು ಎಲ್ಲ ಯಂತ್ರಗಳ ಜರಡಿಯಿಂದಲೂ ನಿರಾತಂಕವಾಗಿ ಇಳಿದುಬರುವುದು. ಮಳೆ ತಪ್ಪಿದ ಮರುವರ್ಷ ಆ ಶಿಫಾರಸು ಏನಾಯಿತೆಂದು ಕೇಳಬೇಕಾದವರು ಮಾರ್ಗದರ್ಶಕರೂ ಪರಾಮರ್ಶಕರೂ.

ಕೆಲಸದ ಅನುಕ್ರಮವನ್ನು ಕೇಳುವವರಿಗೆ ನನ್ನ ರೂಢಿಯನ್ನು ಹೇಳುತ್ತೇನೆ. ಲೇಖನ ಕಳುಹಿಸುವುದಕ್ಕೆ ಹದಿನೈದು ದಿನ ಮುಂಚೆ, ಬರಹ ಇನ್ನೂ ಒರಟಾಗಿರುವಾಗಲೇ, ಹೊಲದ ವಹಿಯನ್ನೂ ಸ್ಪ್ರೆಡ್‌ಶೀಟನ್ನೂ ಎದುರುಬದಿರಿಟ್ಟು ಅಂಕಿಗಳನ್ನು ತಾಳೆನೋಡಿ, ಆಮೇಲೆ ಕೋಷ್ಟಕಗಳ ಭಾಗಲಬ್ಧವನ್ನೂ ಸರಾಸರಿಗಳ ಸಾಧ್ಯತೆಯನ್ನೂ ಪರೀಕ್ಷಿಸಿ, ಮಾರನೆಯ ವಾರ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿ, ಭಾಷೆಯನ್ನು ತಿದ್ದಿಕೊಂಡು, ಹೋಲಿಕೆಯ ಯಂತ್ರದ ಬಳಿಗೆ ಕಡೆಯಲ್ಲಿ ಹೋಗುವುದು. ಹೆಚ್ಚಿನವರು ಅದನ್ನೇ ಮೊದಲು ಮಾಡಿ, ಉಳಿದುದೆಲ್ಲ ಮುಗಿಯಿತೆಂದು ಭಾವಿಸುತ್ತಾರೆ. ಭಾಷೆಯನ್ನು ತಿದ್ದುವ ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ; ಅವು ‘ಬ್ಯಾಡಗಿ ಡಬ್ಬಿ’, ‘ಬ್ಯಾಡಗಿ ಕಡ್ಡಿ’ ಎಂಬ ತಳಿಯ ಹೆಸರುಗಳನ್ನು ಮುಟ್ಟದಂತೆ ನೋಡಿಕೊಂಡರೆ ಸಾಕು.

ವಾಚಕರಲ್ಲಿ ಸಂಶೋಧಕರಾದವರು ಇದ್ದರೆ ಅವರಲ್ಲಿ ಒಂದು ಬಿನ್ನಹ. ನಿಮ್ಮ ಹೆಸರಿನಲ್ಲಿ ಈಗಾಗಲೇ ಅಚ್ಚಾಗಿರುವ ಲೇಖನವೊಂದನ್ನು ಇಂದು ರಾತ್ರಿ ತೆರೆದು, ಕೋಷ್ಟಕದ ತಳದಲ್ಲಿರುವ ಸಿ.ಡಿ.ಯನ್ನು ಅದರ ಮೇಲಿರುವ ಎಸ್.ಇಎಂ.ನಿಂದ ಭಾಗಿಸಿ ನೋಡಿರಿ, 2.77ಕ್ಕಿಂತ ಕಡಿಮೆ ಬಂದರೆ, ಬೇರೆಯವರು ಬರೆಯುವ ಮೊದಲು ಸಂಪಾದಕರಿಗೆ ನೀವೇ ಪತ್ರ ಬರೆಯಿರಿ.